ಮೊದಲನೆಯ ಮಣ್ಣು

ಸಿಂದಗಿ ಬಜಾರಿನಲ್ಲಿ ನಾನು ಲೋಬಾನ ಕೊಳ್ಳುವ ಅಂಗಡಿ ಒಂದೇ. ಅಂಗಡಿಯವ ಡಬ್ಬಿಯ ಮುಚ್ಚಳ ತೆಗೆದರೆ ಬೇರೆಯವರಿಗೆ ದರ್ಗಾ ನೆನಪಾಗಬಹುದು, ದೇವರ ಜಗುಲಿ ನೆನಪಾಗಬಹುದು. ನನಗೆ ಹೊಳೆ ಬಂದ ಆ ಮಳೆಗಾಲ ನೆನಪಾಗುತ್ತದೆ. ಲೋಬಾನದ ಹಿಂದೆಯೇ ರಾಡಿಯ ವಾಸನೆಯೂ ಮೂಗಿಗೆ ಬಡಿಯುತ್ತದೆ. ಇವತ್ತು ಬೆಳಿಗ್ಗೆ ಹೋದಾಗ ಅವನು, "ಉರುಸಿಗೇನ್ರಿ ಮಾಸ್ತರ?" ಎಂದು ಕೇಳಿದ.

"ಇಲ್ಲಪಾ, ಮಣ್ಣಿಗೆ. ನಮ್ಮೂರ ಗುರಪ್ಪಜ್ಜ ಹೋದ."

ಅವನು ಲೋಬಾನವನ್ನು ತಕ್ಕಡಿಗೆ ಹಾಕಿದ. ತೂಗಿದ ಮೇಲೆ ಇನ್ನೊಂದು ಚೂರು ಕೈಯಿಂದಲೇ ಹಾಕಿ ಪುಡಿಕೆ ಕಟ್ಟಿದ. ಸತ್ತವರನ್ನು ಹೂಳುವುದಕ್ಕೆ ನಮ್ಮ ಕಡೆ ಮಣ್ಣು ಎಂದೇ ಹೇಳುತ್ತಾರೆ. ಯಾವ ಜಾತಿಯವರೇ ಇರಲಿ, ಊರೆಲ್ಲ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿ ಬರಬೇಕು. ಇದ್ದಾಗ ಮುಖ ನೋಡದವರೂ ಮಣ್ಣು ತಪ್ಪಿಸುವುದಿಲ್ಲ. ನಮ್ಮೂರ ಮೇಲೆ ಹೋಗುವ ದೇವಣಗಾಂವದ ಬಸ್ಸು ಬರುವುದು ತಡವಿತ್ತು. ಪುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತೆ. ಆ ವರ್ಷವೆಲ್ಲ ಕಣ್ಣ ಮುಂದೆ ಬಂತು.

ನಮ್ಮೂರು ತೆಗ್ಗಿನಾಳ, ಭೀಮಾ ಹೊಳೆಯ ದಂಡೆಗೆ ಅಂಟಿಕೊಂಡೇ ಇತ್ತು. ಅಲ್ಲಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರ. ಹೆಸರಿನಲ್ಲೇ ತೆಗ್ಗು ಇಟ್ಟುಕೊಂಡ ಊರು ಮುಳುಗದೆ ಇನ್ನೇನಾದೀತು ಎಂದು ಸಿಂದಗಿ ಕಡೆಯವರು ನಗುತ್ತಿದ್ದರು. ಮಹಾರಾಷ್ಟ್ರದಲ್ಲಿ ಮಳೆಯಾಗಿ ಮೇಲಿನ ಡ್ಯಾಮಿನ ಗೇಟು ಎತ್ತಿದರೆ, ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಸುಡು ಬಿಸಿಲಿನಲ್ಲೇ ಹೊಳೆ ಮನೆಯೊಳಗೆ ಬರುತ್ತಿತ್ತು. ನೀರು ಇಳಿದ ಮೇಲೆ ರಾಡಿ ಬಳಿದು ಹಾಕಿ, ನೆನೆದ ಜೋಳವನ್ನು ಎಮ್ಮೆಗೆ ಹಾಕಿ, ಮತ್ತೆ ಅದೇ ಗೋಡೆಗೆ ಸುಣ್ಣ ಹಚ್ಚುತ್ತಿದ್ದೆವು. ಚುನಾವಣೆಗೊಮ್ಮೆ ಒಬ್ಬೊಬ್ಬರು ಬಂದು, ಊರನ್ನು ಎತ್ತಿ ಎತ್ತರಕ್ಕೆ ಇಡುತ್ತೇವೆಂದು ಹೇಳಿ, ನಮ್ಮ ಚಹಾ ಕುಡಿದು ಹೋಗುತ್ತಿದ್ದರು.

ಆ ಮಾತನ್ನು ನಿಜ ಮಾಡಲು ಹಟ ಹಿಡಿದವರು ಒಬ್ಬರೇ, ಫಾದರಪ್ಪ. ಅವರ ನಿಜವಾದ ಹೆಸರು ಸಿಲ್ವೆಸ್ಟರ್. ಅದು ನಮ್ಮ ಮಂದಿಯ ನಾಲಿಗೆಗೆ ಒಗ್ಗಲಿಲ್ಲ. ಫಾದರ್ ಎನ್ನುವುದಕ್ಕೆ ಒಬ್ಬ ಅಪ್ಪನನ್ನು ಸೇರಿಸಿಕೊಂಡು ಕರೆದರು, ಅದೇ ಉಳಿಯಿತು. ಕೇರಿಯ ಕೆಲವು ಮನೆಯವರಿಗಾಗಿ ಇದ್ದ ಸಣ್ಣ ಚರ್ಚಿಗೆ ಅವರು ಕರಾವಳಿಯಿಂದ ಬಂದದ್ದು ಮೀಸೆ ಕಪ್ಪಿದ್ದಾಗ. ಮನೆಮಾತು ಕೊಂಕಣಿ, ಕಲಿತದ್ದು ಪುಸ್ತಕದ ಕನ್ನಡ. ಬಾವಿಕಟ್ಟೆಯ ಹೆಂಗಸರಿಗೆ "ದಯವಿಟ್ಟು ಸ್ವಲ್ಪ ನೀರು ಕೊಡಿ" ಎಂದಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರಂತೆ. ಕೆಲವು ವರ್ಷಗಳಲ್ಲಿ ನಮಗಿಂತ ಚೆನ್ನಾಗಿ ನಮ್ಮ ಮಾತು ಆಡತೊಡಗಿದರು. ತೀರ ಕಂಗಾಲಾದಾಗ ಮಾತ್ರ ಆ ಹಳೆಯ ಪುಸ್ತಕದ ಕನ್ನಡ ಹೊರಗೆ ಬರುತ್ತಿತ್ತು.

ಅವರು ಕವಿಗಳು. ಹಾಗೆಂದರೆ ಸಿಟ್ಟಾಗುತ್ತಿದ್ದರು. ಮೊಹರಂ ಬಂತೆಂದರೆ ನಮ್ಮ ಕಡೆ ಹಿಂದೂ ಮುಸಲ್ಮಾನರೆಲ್ಲ ಕೂಡಿ, ಕಾಲಿಗೆ ಗೆಜ್ಜೆ ಕಟ್ಟಿ, ದುಂಡಗೆ ನಿಂತು ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ಕತೆಯ ನಡುವೆ ಊರಿನ ಕಷ್ಟವೂ ಬರುತ್ತದೆ. ನಮ್ಮ ಮೇಳಕ್ಕೆ ಪದ ಕಟ್ಟಿಕೊಡುತ್ತಿದ್ದವರು ಈ ಕ್ರಿಸ್ತರ ಪಾದ್ರಿ. ಕಟ್ಟಿದ್ದನ್ನು ಮೊದಲು ನನಗೆ ತೋರಿಸುತ್ತಿದ್ದರು, ನಾನು ಮಾಸ್ತರಿಕೆ ಮಾಡಿ ಒಂದೆರಡು ಕಡೆ ತಿದ್ದುತ್ತಿದ್ದೆ, ಅವರು ತಿದ್ದಿದ್ದನ್ನು ಬಿಟ್ಟು ಮೊದಲಿನದನ್ನೇ ಹಾಡಿಸುತ್ತಿದ್ದರು. ಒಂದು ಪದದ ಎರಡು ಸಾಲು ನನಗೆ ಇನ್ನೂ ಬಾಯಿಪಾಠ:

ಅಲ್ಲಿ ಹನಿ ನೀರಿಗಾಗಿ ಬಾಯಿ ಒಣಗಿ ಜೀವ ಹೋತೋ
ಇಲ್ಲಿ ಹೊಸ್ತಿಲ ದಾಟಿ ನೀರ ಬಂದು ಜೀವ ಒಯ್ತೋ

ಇದನ್ನು ಮಲ್ಲೇಶಿ ಎತ್ತಿಕೊಂಡನೆಂದರೆ ಕೂತವರು ಏಳುತ್ತಿರಲಿಲ್ಲ. ಮಲ್ಲೇಶಿ ಗುರಪ್ಪಜ್ಜನ ಒಬ್ಬನೇ ಮಗ, ಕುರಿ ಕಾಯುವವ, ಮೇಳದ ಮುಂದಾಳು. ಹೂವಿನ ಹಿಪ್ಪರಗಿಯಂಥ ದೊಡ್ಡ ಊರಿನ ಮೇಳದವರೂ ಅವನ ದನಿ ಕೇಳಿ ಸುಮ್ಮನಾದದ್ದನ್ನು ನಾನೇ ನೋಡಿದ್ದೇನೆ. ಅವನಿಗೆ ಫಾದರಪ್ಪನ ಮೇಲೆ ಒಂದೇ ತಕರಾರು. ಪದದ ಕೊನೆಯ ನುಡಿಯಲ್ಲಿ ಊರಿನ ಹೆಸರು, ಕಟ್ಟಿದವನ ಹೆಸರು ಬರಲೇಬೇಕು. ಅದಿಲ್ಲದೆ ಪದ ಮುಗಿಯಿತೆಂದು ಯಾರೂ ಗೆಜ್ಜೆ ಬಿಚ್ಚುವುದಿಲ್ಲ. ಫಾದರಪ್ಪ ಊರಿನ ಹೆಸರು ಹಾಕುತ್ತಿದ್ದರು, ತಮ್ಮದನ್ನು ಹಾಕುತ್ತಿರಲಿಲ್ಲ.

"ಕಟ್ಟಿದಾವ್ರ ಹೆಸರಿಲ್ಲದ ಪದ ಹಾಡಿದ್ರ ಮಂದಿ ನಾ ಕದ್ದೇನಿ ಅಂತಾರ್ರಿ" ಎಂದು ಮಲ್ಲೇಶಿ ಕಾಡುತ್ತಿದ್ದ.

"ಮ್ಯಾಲ ಪ್ಲಾಟಿನ್ಯಾಗ ನಿಂತು ಹಾಡೋ ದಿನ ಹಾಕೋ ತಮ್ಮಾ. ಅಲ್ಲೀತನಕ ಬ್ಯಾಡ."

ಪ್ಲಾಟು ಎಂದರೆ ಊರಿನ ಹಿಂದೆ ಹಳ್ಳ ದಾಟಿ ಏರಿನ ಮೇಲಿದ್ದ ಜಾಗ. ಹೊಳೆ ಎಷ್ಟು ಉಬ್ಬಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕಾಗಿ ಫಾದರಪ್ಪ ಇಂಡಿ, ಸಿಂದಗಿ, ವಿಜಯಪುರದ ಕಚೇರಿಗಳ ಮುಂದೆ ಕೂತ ದಿನಗಳಿಗೆ ಲೆಕ್ಕವಿಲ್ಲ. ಕೊನೆಗೆ ಊರವರು, ಹೊರಗೆ ಕೂತು ಕೂಗುವುದಕ್ಕಿಂತ ಒಳಗೆ ಕೂತು ಸಹಿ ಮಾಡಲಿ ಎಂದು ಅವರನ್ನು ಅವಿರೋಧವಾಗಿ ಪಂಚಾಯ್ತಿಗೆ ಆರಿಸಿ, ಅಧ್ಯಕ್ಷರನ್ನೂ ಮಾಡಿದರು. ನಾವು ಅದನ್ನು ಸನ್ಮಾನ ಎಂದುಕೊಂಡಿದ್ದೆವು. ಅವರ ಚರ್ಚಿನ ಕಾನೂನಿನಲ್ಲಿ ಪಾದ್ರಿಯಾದವನು ಅಧಿಕಾರದ ಕುರ್ಚಿಯಲ್ಲಿ ಕೂರುವಂತಿಲ್ಲ ಎಂಬುದು ನಮಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಪಟ್ಟಣದಿಂದ ಒಂದು ಜೀಪು ಬಂತು. ಅದರಲ್ಲಿ ಬಂದ ಸಣ್ಣ ವಯಸ್ಸಿನ ಪಾದ್ರಿ ತಲೆ ತಗ್ಗಿಸಿಕೊಂಡೇ ಮಾತಾಡಿ ಹೋದರು. ಸಂಜೆ ಫಾದರಪ್ಪ ನಮ್ಮ ಮನೆಗೆ ಬಂದು, "ಕುರ್ಚಿ ಬಿಡು, ಇಲ್ಲಾಂದ್ರ ಬಲಿಪೂಜೆ ಬಿಡು ಅಂದ್ರು ಮಾಸ್ತರ. ಮಂದಿ ಮ್ಯಾಲ ಹೋಗಿ ನಿಲ್ಲೂತನಕ ಕುರ್ಚಿ ಬಿಡಾಕ ಆಗೂದಿಲ್ಲ ಅಂದೆ" ಎಂದರು. ನಮ್ಮವ್ವ ಕೊಟ್ಟ ಚಹಾ ಕುಡಿದು, ಇನ್ನು ಮುಂದೆ ಭಾನುವಾರ ತಡವಾಗಿ ಏಳಬಹುದು ಎಂದು ನಗಾಡಿದರು. ನಾವೂ ನಕ್ಕೆವು. ಅಂದಿನಿಂದ ಬೇರೆ ಊರಿನ ಪಾದ್ರಿಯೊಬ್ಬರು ಆಗಾಗ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಫಾದರಪ್ಪ ಎಲ್ಲರ ಹಿಂದೆ, ಗೋಡೆಗೆ ಆತು ಕೂರುತ್ತಿದ್ದರು. ಚರ್ಚಿನ ಧೂಪ ಬರುವುದು ನಿಂತದ್ದರಿಂದ ನನ್ನ ಜೊತೆ ಇದೇ ಸಿಂದಗಿ ಅಂಗಡಿಗೆ ಬಂದು ಲೋಬಾನ ಕೊಂಡುಕೊಂಡರು. ದರ್ಗಾಕ್ಕೆ ಒಂದು ಪುಡಿಕೆ, ಅವರಿಗೆ ಒಂದು. ಸಂಜೆ ತಮ್ಮ ಖೋಲಿಯಲ್ಲಿ ಒಬ್ಬರೇ ಅದನ್ನು ಕೆಂಡಕ್ಕೆ ಹಾಕಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಒಳಗೆ ಏನು ಮಾಡುತ್ತಿದ್ದರೋ ನಾನು ಕೇಳಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಹಕ್ಕುಪತ್ರ ಬಂದವು, ಏರಿನ ಮೇಲೆ ಮನೆಗಳೂ ಎದ್ದವು. ಸಣ್ಣ ಮನೆ, ತಗಡಿನ ಮಾಳಿಗೆ, ಆದರೂ ಮನೆ. ಎಲ್ಲರೂ ಕೀಲಿ ಇಸಿದುಕೊಂಡರು, ಬೀಗ ಹಾಕಿ ಕೆಳಗಿಳಿದು ಬಂದರು. ಕೆಲವರು ಒಳಗೆ ಜೋಳದ ಕಣಿಕೆ ಒಟ್ಟಿದರು, ಕೆಲವರು ಆಡು ಕಟ್ಟಿದರು. ನಮ್ಮ ಮನೆಗೂ ಬೀಗವೇ ಇತ್ತು, ನಮ್ಮವ್ವ ಬರುವುದಿಲ್ಲ ಎಂದು ಕೂತಿದ್ದಳು. ಕಾರಣ ಎಲ್ಲರ ಮನೆಯಲ್ಲೂ ಒಂದೇ. ಗೋರಿಗಳೆಲ್ಲ ಹೊಳೆಯ ದಂಡೆಯಲ್ಲಿದ್ದವು. ನಮ್ಮೂರಲ್ಲಿ ಹಬ್ಬಕ್ಕೆ ಮೊದಲ ಎಡೆ ಗೋರಿಗೆ ಹೋಗಬೇಕು, ಆಮೇಲೆ ಮನೆಯ ಮಂದಿ ಉಣ್ಣಬೇಕು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಹೊಸ ನೆಲದಲ್ಲಿ ಮೊದಲು ಮಣ್ಣಾದವರು ಒಂಟಿಯಾಗುತ್ತಾರೆ, ಪಕ್ಕದಲ್ಲಿ ಮಾತಾಡಿಸಲು ಯಾರೂ ಇರುವುದಿಲ್ಲ ಎಂದು ನಮ್ಮವರ ಭಯ. ತಮ್ಮ ಮನೆಯವರನ್ನು ಹಾಗೆ ಒಂಟಿಯಾಗಿ ಬಿಡಲು ಯಾರೂ ತಯಾರಿರಲಿಲ್ಲ.

ಫಾದರಪ್ಪ ಒಂದು ಟೆಂಪೊ ಮಾಡಿ ಹಿರಿಯರನ್ನು ಮುದ್ದೇಬಿಹಾಳದ ಕಡೆ ಕರೆದುಕೊಂಡು ಹೋದರು. ಕೃಷ್ಣೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ಅಲ್ಲಿ ಎತ್ತರದ ಜಾಗದಲ್ಲಿ ಚೆನ್ನಾಗಿಯೇ ಬದುಕಿದ್ದಾರೆ, ನೋಡಿದರೆ ನಮ್ಮವರಿಗೂ ಧೈರ್ಯ ಬಂದೀತು ಎಂಬುದು ಅವರ ಎಣಿಕೆ. ಹಿರಿಯರು ಅಗಲವಾದ ರಸ್ತೆ, ಮಕ್ಕಳ ಸಾಲಿ, ನೀರಿನ ನಳ ಎಲ್ಲ ನೋಡಿದರು. ಆದರೆ ಅಲ್ಲಿಯ ಮುದುಕಿಯೊಬ್ಬಳು, ನಮ್ಮ ಗೋರಿಗಳೆಲ್ಲ ನೀರಿನೊಳಗಿವೆ, ಅಮಾಸೆಗೆ ದಂಡೆಗೆ ಹೋಗಿ ಎಡೆಯನ್ನು ನೀರಿಗೆ ಬಿಡುತ್ತೇವೆ ಎಂದುಬಿಟ್ಟಳು.

ಮರುದಿನ ಕಟ್ಟೆಯ ಮೇಲೆ ಗುರಪ್ಪಜ್ಜ ಎಲ್ಲರ ಪರವಾಗಿ ಹೇಳಿದ. "ಫಾದರಪ್ಪಾ, ನೀವು ಮನಿ ಕೊಟ್ರಿ, ಖರೆ. ಗೋರಿ ಇಲ್ಲದ ಊರು ಊರ ಹೆಂಗ ಆದೀತ್ರಿ? ಅಲ್ಲಿ ಮೊದಲನೇ ಮಣ್ಣು ಯಾರದು?"

"ನಂದ" ಎಂದರು ಫಾದರಪ್ಪ. "ನನಗ ಹಿಂದಿಲ್ಲ ಮುಂದಿಲ್ಲ. ಒಂಟಿ ಇದ್ದು ರೂಢಿ ಐತಿ. ನನ್ನ ಹುಗೀರಿ, ಆಮ್ಯಾಲ ನೀವೆಲ್ಲಾ ಸಾವಕಾಶ ಬರ್ರಿ."

ಕಟ್ಟೆಯೆಲ್ಲ ನಕ್ಕಿತು. ಗುರಪ್ಪಜ್ಜನೂ ನಕ್ಕ. "ನೀವು ಸತ್ರ ನಿಮ್ಮ ಬಿಷಪ್ಪ ಗಾಡಿ ಕಳಸ್ತಾರ್ರಿ. ನಿಮ್ಮನ್ನ ನಮ್ಮ ಕೈಗೆ ಕೊಡ್ತಾರೇನು?"

"ಈಗ ಪೂಜಿಗೇ ಬ್ಯಾಡಾಗೇನಿ, ಹೆಣ ತಗೊಂಡು ಏನ ಮಾಡ್ತಾರ?" ಎಂದು ಎದ್ದರು ಫಾದರಪ್ಪ. ಮಾತು ಅಲ್ಲಿಗೇ ನಿಂತಿತು. ಮೊಹರಂ ಬಂತು. ಆ ವರ್ಷವೂ ಕೊನೆಯ ನುಡಿಯಲ್ಲಿ ಕವಿಯ ಹೆಸರಿಲ್ಲದೆ ಮಲ್ಲೇಶಿ ಗೆಜ್ಜೆ ಬಿಚ್ಚಿದ.

ಮಳೆಗಾಲ ಅರ್ಧ ಕಳೆದಿರಲಿಲ್ಲ, ಹೊಳೆ ಬಂತು. ಎರಡು ದಿನ ಮೊದಲೇ ಡಂಗುರ ಸಾರಿದ್ದರಿಂದ ಜನ ದನ ಎಲ್ಲ ಏರು ಹತ್ತಿದ್ದೆವು. ತಗಡಿನ ಮನೆಗಳ ಬೀಗ ಮೊದಲ ಸಲ ತೆರೆದವು. ನೀರು ಇಳಿದ ಮೇಲೆ ಹೋಗುವವರಂತೆ ಎಲ್ಲರೂ ಗಂಟು ಬಿಚ್ಚದೆ ಕೂತಿದ್ದರು. ಗುರಪ್ಪಜ್ಜನ ಹೆಂಡತಿ ನೀಲವ್ವನಿಗೆ ಮೊದಲೇ ದಮ್ಮು. ಹೊಸ ಮನೆಯ ತಂಪಿಗೆ ಅದು ಏರಿತು. ಒಂದು ಬೆಳಿಗ್ಗೆ, ಮಗ ಕಾಸಿದ ಹಾಲು ಬಾಯಿಗೆ ಮುಟ್ಟುವ ಮೊದಲೇ ಹೋದಳು.

ಏರಿನ ಮೇಲೆ ನಿಂತರೆ ಗೋರಿಗಳ ದಿಬ್ಬ ಕಾಣುತ್ತಿತ್ತು, ಅದಿನ್ನೂ ಮುಳುಗಿರಲಿಲ್ಲ. ನಡುವಿನ ಹಳ್ಳಕ್ಕೆ ಹೊಳೆಯ ನೀರು ಹಿಂದಕ್ಕೆ ಒತ್ತಿ ತೊಡೆಮಟ ನಿಂತಿತ್ತು. ಬೇಗ ಹೋಗಿ ಬೇಗ ಬರೋಣ ಎಂದರು. ಹೆಣ ಹೊರಲು ಬಿದಿರು ಕಟ್ಟಿದರು. ಫಾದರಪ್ಪ ಓಡುತ್ತ ಬಂದು, ಇಳಿಯುವ ದಾರಿಗೆ ಅಡ್ಡ ನಿಂತರು. ಬಾಯಲ್ಲಿ ಆ ಪುಸ್ತಕದ ಕನ್ನಡ ಬಂದಿತ್ತು.

"ದಯವಿಟ್ಟು ಹೋಗಬೇಡಿ. ನೀರು ಏರುತ್ತಿದೆ. ಕೈ ಮುಗಿಯುತ್ತೇನೆ, ಇಲ್ಲೇ ಮಣ್ಣು ಮಾಡಿ. ನಾನು ದಿನಾ ಬಂದು ಅವರ ಹತ್ತಿರ ಕೂರುತ್ತೇನೆ."

ಗುರಪ್ಪಜ್ಜ ಅವರ ಮುಖ ನೋಡಲಿಲ್ಲ. "ಆಕಿ ಅತ್ತಿ ಮಾವ ಎಲ್ಲಾರೂ ಅಲ್ಲಿ ಅದಾರ. ಆಕೀನ ಇಲ್ಲಿ ಒಬ್ಬಾಕೀನ ಬಿಟ್ಟು ನಾ ಹೆಂಗ ಉಣ್ಣಲಿ? ದಾರಿ ಬಿಡ್ರಿ" ಎಂದ. ಹೆಣ ಹೊತ್ತವರನ್ನು ತಡೆದು ನಿಲ್ಲಿಸುವುದು ನಮ್ಮಲ್ಲಿ ಇಲ್ಲ. ಫಾದರಪ್ಪ ಪಕ್ಕಕ್ಕೆ ಸರಿದರು. ಆಮೇಲೆ ತಾವೇ ಬಂದು ಬಿದಿರಿಗೆ ಹೆಗಲು ಕೊಟ್ಟರು.

ನೀಲವ್ವನ ಕುಣಿಯಲ್ಲಿ ಕೆಳಗಿನಿಂದಲೇ ನೀರು ಜಿನುಗುತ್ತಿತ್ತು. ಹೇಗೋ ಮುಗಿಸಿದೆವು. ತಿರುಗಿ ಬರುವಾಗ ಹಳ್ಳ ಎದೆಮಟ ಆಗಿತ್ತು, ನೀರು ಸೆಳೆಯುತ್ತಿತ್ತು. ಹಗ್ಗ ಹಿಡಿದು ಒಬ್ಬೊಬ್ಬರೇ ದಾಟಿದೆವು. ಮಗನಾದವನು ಕೊನೆಗೆ ಹೊರಡಬೇಕು ಎಂದು ಮಲ್ಲೇಶಿ ಹಿಂದೆ ಉಳಿದ. ಅವನ ಮುಂದೆ ಫಾದರಪ್ಪ. ಆಚೆ ಮಗ್ಗುಲಿಗೆ ಹಗ್ಗ ಕಟ್ಟಿದ್ದ ಜಾಲಿ ಬೇರುಸಮೇತ ಕಿತ್ತುಬಂತು. ಫಾದರಪ್ಪ ತಿರುಗಿ ಕೈ ಚಾಚಿದ್ದನ್ನು ದಂಡೆಯಲ್ಲಿ ನಿಂತ ನಾನು ನೋಡಿದೆ. ಇಬ್ಬರೂ ಕಾಣದಾದರು. ಬಹಳ ಕೆಳಗೆ, ಒಂದು ಜಾಲಿಕಂಟಿಗೆ ಸಿಕ್ಕಿಕೊಂಡಿದ್ದ ಫಾದರಪ್ಪನನ್ನು ಎಳೆದು ತೆಗೆದರು. ಅವರ ಮುಷ್ಟಿಯಲ್ಲಿ ಮಲ್ಲೇಶಿಯ ಹಸಿರು ಟವೆಲ್ ಇತ್ತು. ಮಲ್ಲೇಶಿ ಸಿಗಲಿಲ್ಲ. ನೀರು ಇಳಿದ ಮೇಲೂ ಸಿಗಲಿಲ್ಲ. ದಂಡೆಯ ಊರುಗಳಲ್ಲೆಲ್ಲ ಕೇಳಿ ಬಂದೆವು, ಯಾರೂ ಕಂಡಿರಲಿಲ್ಲ.

ರಾಡಿ ನೀರು ಫಾದರಪ್ಪನ ಎದೆಯೊಳಗೆ ಇಳಿದಿತ್ತು. ವಿಜಯಪುರಕ್ಕೆ ಒಯ್ದೆವು. ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಎಚ್ಚರವಾದಾಗಲೆಲ್ಲ, "ಮಲ್ಲೇಶಿ ಸಿಕ್ಕಾನೇನು?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಕೊನೆಯ ಸಲ ಕೇಳಿ, ಇಲ್ಲ ಎಂದಾಗ, "ಹಂಗಾದ್ರ ಮೊದಲನೇದು ನಂದ ಮಾಸ್ತರ. ಮಾತ ಕೊಟ್ಟೇನಿ" ಎಂದರು. ಅವರ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ ಎದ್ದು ಹೊರಗೆ ಬಂದುಬಿಟ್ಟೆ. ಮರುದಿನ ಅವರು ಇರಲಿಲ್ಲ.

ಏರಿನ ಮೇಲೆ ಕುಣಿ ತೆಗೆಸಿದೆವು. ಹೆಣವನ್ನು ತಂದು ಪಂಚಾಯ್ತಿಯ ಹೊಸ ಕಟ್ಟೆಯ ಮೇಲೆ ಇಟ್ಟಿದ್ದೆವು. ಆಗ ಅದೇ ಜೀಪು ಬಂತು, ಅದೇ ಸಣ್ಣ ಪಾದ್ರಿ, ಜೊತೆಗೆ ಬಿಳಿ ಸೀರೆಯುಟ್ಟ ಒಬ್ಬ ಮುದುಕಿ. ಫಾದರಪ್ಪನ ಅಕ್ಕ, ಕರಾವಳಿಯಿಂದ ಬಂದಿದ್ದರು. ಪಟ್ಟಣದ ಚರ್ಚಿನ ಜಾಗದಲ್ಲಿ ಮಣ್ಣು ಮಾಡುತ್ತೇವೆ, ಒಯ್ಯಲು ಬಂದಿದ್ದೇವೆ ಎಂದರು. ಗುರಪ್ಪಜ್ಜ ಎದ್ದು ಹೋಗಿ ಜೀಪಿನ ಮುಂದೆ ನೆಲಕ್ಕೆ ಕೂತ.

"ನನ್ನ ಮಗ ಮಣ್ಣಿಗೂ ಸಿಗಲಿಲ್ಲ. ಇವರನ್ನೂ ಒಯ್ತೀರೇನು? ನನ್ನ ಮ್ಯಾಲ ಹಾಯಿಸ್ಕೊಂಡು ಹೋಗ್ರಿ."

ಊರೆಲ್ಲ ಅವನ ಹಿಂದೆ ನಿಂತಿತು. ನಾನೂ ನಿಂತೆ. ಆ ಸಣ್ಣ ಪಾದ್ರಿಯ ಕಣ್ಣೂ ತುಂಬಿತ್ತು. ಅಕ್ಕ ಬಂದು ಗುರಪ್ಪಜ್ಜನ ಎದುರು ಕಷ್ಟಪಟ್ಟು ಕೂತರು.

"ಅಪ್ಪಾ, ಅಲ್ಲಿ ಹೂಳುವುದಾದರೆ ಅವನಿಗೆ ಪೂಜೆಯ ವಸ್ತ್ರ ಹಾಕುತ್ತಾರಂತೆ. ಇಲ್ಲಿಯಾದರೆ ಇಲ್ಲ. ಪೂಜೆ ನಿಂತ ದಿನದಿಂದ ಅವನು ಪ್ರತಿ ಭಾನುವಾರ ಫೋನಿನಲ್ಲಿ ನನ್ನ ಹತ್ತಿರ ಅಳುತ್ತಿದ್ದ. ನಿಮಗೆ ಹೇಳಿರಲಿಕ್ಕಿಲ್ಲ. ಆ ವಸ್ತ್ರ ಒಂದು ಅವನ ಮೈಮೇಲೆ ಇರಲಿ, ಬಿಡಿ."

ನಮಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯ ಚಹಾ ಕುಡಿದು ನಗಾಡಿದ ಮನುಷ್ಯ. ಮುಚ್ಚಿದ ಬಾಗಿಲ ಸಂದಿಯಿಂದ ಬರುತ್ತಿದ್ದ ಲೋಬಾನದ ಹೊಗೆ ನೆನಪಾಯಿತು. ಗುರಪ್ಪಜ್ಜ ಬಹಳ ಹೊತ್ತು ಆ ಮುದುಕಿಯ ಮುಖವನ್ನೇ ನೋಡಿದ. ಆಮೇಲೆ ನೆಲಕ್ಕೆ ಕೈಯೂರಿ ಎದ್ದ.

"ಒಯ್ರಿ ಯವ್ವಾ. ಒಡಹುಟ್ಟಿದಾಕಿ ನೀವು."

ಜೀಪು ಹಳ್ಳ ದಾಟಿ ಕಾಣದಾಗುವವರೆಗೆ ನಿಂತಿದ್ದೆವು. ಬದುಕಿದ್ದಾಗ ಬಾಗಿಲು ಹಾಕಿ, ಸತ್ತ ಮೇಲೆ ವಸ್ತ್ರ ಹಿಡಿದುಕೊಂಡು ಬಂದವರ ಮೇಲಿನ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ. ಹಿಂತಿರುಗಿ ನೋಡಿದರೆ ಕುಣಿ ಹಾಗೇ ಬಾಯಿ ತೆರೆದುಕೊಂಡಿತ್ತು. ತೆಗೆದ ಕುಣಿಯನ್ನು ಖಾಲಿ ಬಿಡಬಾರದು, ಅದು ಇನ್ನೊಬ್ಬರನ್ನು ಕೇಳುತ್ತದೆ ಎಂದು ಹೆಂಗಸರು ಅಳತೊಡಗಿದರು. ಗುರಪ್ಪಜ್ಜ ಫಾದರಪ್ಪನ ಖೋಲಿಗೆ ಹೋಗಿ ಅವರ ಚಪ್ಪಲಿ ತಂದ. ತನ್ನ ಹೆಗಲ ಮೇಲಿದ್ದ ಮಗನ ಹಸಿರು ಟವೆಲ್ ತೆಗೆದು, ಅದರಲ್ಲಿ ಆ ಚಪ್ಪಲಿ ಸುತ್ತಿ, ಕುಣಿಯಲ್ಲಿ ಇಳಿದು ತಳದಲ್ಲಿಟ್ಟ. ನಾನು ಲೋಬಾನ ಹಾಕಿದೆ. ಊರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿತು.

ನೀರು ಇಳಿದರೂ ಆ ವರ್ಷ ಕೆಳಗೆ ಯಾರೂ ಹೋಗಲಿಲ್ಲ. ಯಾರೂ ಕೂಡಿ ಮಾತಾಡಿ ತೀರ್ಮಾನ ಮಾಡಿದ್ದಲ್ಲ. ಒಬ್ಬೊಬ್ಬರೇ ಗಂಟು ಬಿಚ್ಚಿದರು, ಒಲೆ ಹೂಡಿದರು. ನಮ್ಮವ್ವನೂ ಹೂಡಿದಳು. ಮುಂದಿನ ಮೊಹರಂನಲ್ಲಿ ಏರಿನ ಮೇಲೆಯೇ ಮೇಳ ನಿಂತಿತು. ಮುಂದಾಳು ಇಲ್ಲದ ಮೇಳ, ಒಬ್ಬರ ದನಿ ಒಬ್ಬರಿಗೆ ಕೂಡಲಿಲ್ಲ. ಕೊನೆಯ ನುಡಿಯಲ್ಲಿ ಫಾದರಪ್ಪನ ಹೆಸರು ಹಾಕಿದರು. ಆ ದಿನಕ್ಕೆ ಕಾದಿದ್ದ ಮಲ್ಲೇಶಿ, ಫಾದರಪ್ಪ ಇಬ್ಬರೂ ಅಲ್ಲಿರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಏರಿನ ಮೇಲೂ ಗೋರಿಗಳಾದವು. ನಮ್ಮವ್ವನದೂ ಆಯಿತು. ಆ ಮೊದಲನೆಯದರ ಪಕ್ಕದ ಜಾಗ ಮಾತ್ರ ಯಾರೂ ಕೇಳಲಿಲ್ಲ. ಗುರಪ್ಪಜ್ಜನಿಗೆ ಜಾಗ ಕೆಳಗೆ ನೀಲವ್ವನ ಮಗ್ಗುಲಲ್ಲೇ ಎಂದು ಊರಿಗೆಲ್ಲ ಗೊತ್ತಿತ್ತು. ಅವಳನ್ನು ಅಲ್ಲಿಗೆ ಒಯ್ಯಲು ಅವನು ತೆತ್ತದ್ದನ್ನು ಎಲ್ಲರೂ ನೋಡಿದ್ದರು. ಪ್ರತಿ ಹಬ್ಬಕ್ಕೆ ಕೋಲೂರಿಕೊಂಡು ಇಳಿದು ಅವಳಿಗೆ ಎಡೆ ಇಟ್ಟು ಬರುತ್ತಿದ್ದ. ಹಾಗಾಗಿ ಮೊನ್ನೆ ಮಾತಾಡಿಸಲು ಹೋದಾಗ ಅವನು ಹೇಳಿದ್ದನ್ನು ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಬಸ್ಸು ಬಂತು. ಮಧ್ಯಾಹ್ನದ ಹೊತ್ತಿಗೆ ಊರು ಮುಟ್ಟಿದೆ. ಏರಿನ ಮೇಲೆ ಕುಣಿ ತೆಗೆದು ಕಾಯುತ್ತಿದ್ದರು. ಚಪ್ಪಲಿ ಮತ್ತು ಟವೆಲ್ ಇರುವ ಗೋರಿಯ ಮಗ್ಗುಲಲ್ಲೇ ಗುರಪ್ಪಜ್ಜನನ್ನು ಇಳಿಸಿದೆವು. ಹೆಂಡತಿಯನ್ನು ಬಿಟ್ಟು ಇಲ್ಲೇಕೆ ಎಂದು ದೂರದ ನೆಂಟರು ಗೊಣಗುತ್ತಿದ್ದರು. ಕೆಂಡಕ್ಕೆ ಲೋಬಾನ ಹಾಕಿ, ನನ್ನ ಹಿಡಿ ಮಣ್ಣು ಹಾಕಿ, ಅವನು ಹೇಳಿದ್ದನ್ನು ಅವರಿಗೂ ಹೇಳಿದೆ.

"ನೀಲವ್ವಗ ಅಲ್ಲಿ ಮಂದಿ ಅದಾರ ಮಾಸ್ತರ. ಆ ಚಪ್ಪಲಿ ಗೋರಿ ಮಗ್ಗಲಕ ಯಾರೂ ಇಲ್ಲ. ಎಂದಾದ್ರೂ ಮಲ್ಲೇಶಿ, ಫಾದರಪ್ಪ ಇಬ್ಬರೂ ಬಂದ್ರ, ಮಾತಾಡ್ಸಾಕ ಒಬ್ಬರಾದ್ರೂ ಇರಬೇಕಲ್ಲ."